ಗಣಕದಲ್ಲಿ ಅಕಾರಾದಿ

ನಿಘಂಟನ್ನು ತೆರೆದು ಒಂದು ಪದವನ್ನು ಹುಡುಕುವಾಗ ನಾವು ಎರಡು ಸಂಗತಿಗಳನ್ನು ವಿಚಾರಿಸದೆಯೇ ನಂಬಿರುತ್ತೇವೆ. ಆ ಪದ ಇದ್ದರೆ ಒಂದೇ ಕಡೆ ಇದೆ, ಎರಡು ಕಡೆ ಇಲ್ಲ ಎಂಬುದು ಮೊದಲನೆಯದು. ಅದು ಎಲ್ಲಿದೆಯೆಂಬುದನ್ನು ಪದದ ಅಕ್ಷರಗಳೇ ತೋರಿಸಿಕೊಡುತ್ತವೆ ಎಂಬುದು ಎರಡನೆಯದು. ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು ೭೦,೦೦೦ ಪದಗಳಿವೆ. ಅಷ್ಟು ದೊಡ್ಡ ಗ್ರಂಥದಲ್ಲಿ ಬೇಕಾದ ಪದ ನಿಮಿಷದೊಳಗೆ ಸಿಕ್ಕುತ್ತದೆಂದರೆ, ಆ ಎರಡು ನಂಬಿಕೆಗಳು ಹುಸಿಯಾಗದಂತೆ ಸಂಪಾದಕರು ಎಚ್ಚರ ವಹಿಸಿದ್ದಾರೆಂದೇ ಅರ್ಥ.

ಇಂಥ ಪದಸಂಚಯವನ್ನು ಗಣಕಯಂತ್ರದೊಳಗೆ ಕಟ್ಟುವುದು ಹೇಗೆ ಎಂಬುದು ಇಂದಿನ ವಿಷಯ. ಒಂದೇ ವಸ್ತು ಎರಡು ಸಲ ಬಾರದ ಸಮೂಹವನ್ನು ಗಣಿತದಲ್ಲಿ ಗಣವೆನ್ನುತ್ತಾರೆ. ನಮ್ಮ ಛಂದಸ್ಸಿನ ಗಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಸಮೂಹದ ವಸ್ತುಗಳು ಗೊತ್ತಾದ ಒಂದು ಕ್ರಮದಲ್ಲಿಯೂ ಇರಬೇಕೆಂದು ಕಟ್ಟುಪಾಡು ಮಾಡಿದರೆ ಅದು ಕ್ರಮಬದ್ಧ ಗಣ. ಅದರಿಂದ ನಾವು ಬಯಸುವ ಕೆಲಸಗಳು ನಾಲ್ಕು: ಹೊಸ ಪದವನ್ನು ಸೇರಿಸುವುದು, ಇರುವುದನ್ನು ಹುಡುಕುವುದು, ಬೇಡವಾದುದನ್ನು ತೆಗೆಯುವುದು, ಒಂದು ಪದದ ಹಿಂದಿನದೂ ಮುಂದಿನದೂ ಯಾವುದೆಂದು ಹೇಳುವುದು. ನಾಲ್ಕನೆಯದನ್ನು ಲಘುವಾಗಿ ಎಣಿಸಬಾರದು. ಒಂದು ಪದ ಇದೆಯೋ ಇಲ್ಲವೋ ಎಂದು ಮಾತ್ರ ಹೇಳುವ ಉಪಾಯಗಳು ಬೇರೆ ಇವೆ. ಹ್ಯಾಷ್ ಪಟ್ಟಿ ಎಂಬುದು ಅಂಥದೊಂದು. ಆದರೆ ಹ್ಯಾಷ್ ಪಟ್ಟಿಯಲ್ಲಿ ‘ಕವಿ’ಯ ನೆರೆಯಲ್ಲಿ ‘ಕವಿತೆ’ ಇರುವುದಿಲ್ಲ. ನೆರೆಹೊರೆಯಿಲ್ಲದ ಪದಗಳಿಂದ ನಿಘಂಟು ಆಗುವುದಿಲ್ಲ.

ಕನ್ನಡ ಪಾಠ ಹೇಳುತ್ತಿದ್ದವನಿಗೆ ಇದರಲ್ಲೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಈ ಕಟ್ಟಡದ ಅತಿ ಮುಖ್ಯವಾದ ಭಾಗವೊಂದನ್ನು ಯಂತ್ರತಜ್ಞನು ಒಬ್ಬನೇ ಕಟ್ಟಲಾರ, ಅಲ್ಲಿ ಭಾಷೆಯನ್ನು ಬಲ್ಲವರ ಕೈ ಸೇರಲೇಬೇಕು ಎಂಬುದು ನನ್ನ ವಾದ. ಆ ಭಾಗವನ್ನು ತಲುಪಬೇಕಾದರೆ ಮೊದಲು ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು.

ಗಣಕಕ್ಕೆ ನಾವು ಕೊಡುವ ಆಜ್ಞೆಗಳನ್ನು ಬರೆಯಲು ಅನೇಕ ಕೃತಕ ಭಾಷೆಗಳಿವೆ. ಅವುಗಳಲ್ಲಿ ‘ಸಿ’ ಎಂಬುದು ಪ್ರಸಿದ್ಧವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬವರು ಇದನ್ನು ೧೯೭೨ರ ಸುಮಾರಿಗೆ ರೂಪಿಸಿದರು. ೧೯೭೮ರಲ್ಲಿ ಬ್ರಯನ್ ಕರ್ನಿಹನ್ ಅವರೊಡನೆ ರಿಚಿ ಬರೆದ ಪುಸ್ತಕ ಈ ಭಾಷೆಗೆ ವ್ಯಾಕರಣವೂ ಆಯಿತು, ಪಾಠಪುಸ್ತಕವೂ ಆಯಿತು. ೧೯೮೯ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಭಾಷೆಯ ರೂಪವನ್ನು ಸ್ಥಿರಗೊಳಿಸಿತು. ಸಿ ಮಿತಭಾಷಿ. ಒಂದು ಪಟ್ಟಿಯನ್ನು ಒಮ್ಮೆಲೇ ಕ್ರಮಕ್ಕೆ ತರುವ ಸಾಧನವೂ, ಕ್ರಮದಲ್ಲಿರುವ ಪಟ್ಟಿಯಲ್ಲಿ ಹುಡುಕುವ ಸಾಧನವೂ ಅದರ ಮಾನಕ ಭಂಡಾರದಲ್ಲಿವೆ. ಆದರೆ ಪದಗಳು ಬಂದಂತೆಲ್ಲ ಕ್ರಮವನ್ನು ಕಾಪಾಡಿಕೊಂಡು ಹೋಗುವ ಗಣ ಅಲ್ಲಿಲ್ಲ. ಸಿ ಭಾಷೆಯಿಂದ ಬೆಳೆದುಬಂದ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಅದು ಸಿದ್ಧವಾಗಿ ಸಿಕ್ಕುತ್ತದೆ. ಸಿ ಭಾಷೆಯಲ್ಲಿ ಬರೆಯುವವನು ತಾನೇ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟುವಾಗ ಒಳಗಿನ ಮರ್ಮಗಳೆಲ್ಲ ಕಣ್ಣಿಗೆ ಬೀಳುತ್ತವೆ. ನಾನು ಈ ಭಾಷೆಯನ್ನು ಉದಾಹರಣೆಗೆ ಆರಿಸಿಕೊಂಡದ್ದು ಅದಕ್ಕಾಗಿಯೇ.

ಎಲ್ಲಕ್ಕಿಂತ ಸರಳವಾದ ವಿಧಾನ ಸಾಲು. ಗಣಕದ ಸ್ಮೃತಿಯಲ್ಲಿ ಒಂದರ ಪಕ್ಕಕ್ಕೊಂದು ಮನೆಗಳನ್ನು ಗುರುತುಮಾಡಿ, ಪದಗಳನ್ನು ಅಕಾರಾದಿಯಾಗಿ ಕೂರಿಸುವುದು. ಹುಡುಕುವುದು ಇಲ್ಲಿ ಬಹು ಸುಲಭ. ನಡುವಿನ ಮನೆಯ ಪದವನ್ನು ನೋಡಬೇಕು. ನಮಗೆ ಬೇಕಾದುದು ಅದಕ್ಕಿಂತ ಮುಂಚಿನದಾದರೆ ಬಲದ ಅರ್ಧವನ್ನು ಕೈಬಿಟ್ಟು ಎಡದ ಅರ್ಧದ ನಡುವನ್ನು ನೋಡಬೇಕು. ಹೀಗೆ ಅರ್ಧ, ಅರ್ಧದ ಅರ್ಧ ಎಂದು ಇಳಿದರೆ ೭೦,೦೦೦ ಪದಗಳಲ್ಲಿ ಯಾವುದನ್ನಾದರೂ ಹೆಚ್ಚೆಂದರೆ ೧೭ ಹೋಲಿಕೆಗಳಲ್ಲಿ ಮುಟ್ಟಬಹುದು. ತೊಡಕಿರುವುದು ಸೇರಿಸುವುದರಲ್ಲಿ. ನಡುವೆ ಒಂದು ಹೊಸ ಪದ ಬಂದರೆ ಅದರ ಮುಂದಿನವೆಲ್ಲ ಒಂದೊಂದು ಮನೆ ಸರಿಯಬೇಕು. ತುಂಬಿದ ಪಂಕ್ತಿಯ ನಡುವೆ ಒಬ್ಬರು ಬಂದು ಕುಳಿತರೆ ಕೊನೆಯವನವರೆಗೂ ಎಲೆ ಎಳೆದುಕೊಳ್ಳಬೇಕಾದಂತೆ. ೭೦,೦೦೦ ಪದಗಳ ಸಾಲಿನಲ್ಲಿ ಸರಾಸರಿ ೩೫,೦೦೦ ಪದಗಳು ಸರಿಯಬೇಕು.

ಹೀಗೆಂದ ಮಾತ್ರಕ್ಕೆ ಸಾಲನ್ನು ತಿರಸ್ಕರಿಸಬೇಕಾಗಿಲ್ಲ. ಒತ್ತಾಗಿ ಕೂತ ವಸ್ತುಗಳನ್ನು ಸರಿಸುವುದು ಗಣಕಕ್ಕೆ ಹಗುರವಾದ ಕೆಲಸ. ಕೆಲವು ಸಾವಿರ ಪದಗಳಿಗೆ ಸಾಲೇ ಉತ್ತಮವಾದೀತು. ಪದಗಳನ್ನೆಲ್ಲ ಒಮ್ಮೆಗೇ ಸೇರಿಸಿ ಆಮೇಲೆ ಓದುವುದು ಮಾತ್ರ ಇರುವುದಾದರೆ ಸಾಲಿಗಿಂತ ಮಿಗಿಲಾದುದನ್ನು ಹುಡುಕುವುದು ವ್ಯರ್ಥಶ್ರಮ. ಅಚ್ಚಾದ ನಿಘಂಟು ಅಂಥ ಸಾಲು. ಆದರೆ ಸಂಪಾದಕರ ಕೊಠಡಿಯಲ್ಲಿ ಕೆಲಸ ನಡೆಯುತ್ತಿರುವ ನಿಘಂಟು ಬೇರೆ. ಅಲ್ಲಿ ಪದಗಳು ಬರುತ್ತಲೇ ಇರುತ್ತವೆ, ಅದೂ ಅಕಾರಾದಿಯಾಗಿ ಬರುವುದಿಲ್ಲ. ಅದಕ್ಕೆ ಬೇಕಾದುದು ಮರ.

ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲ. ಆದುದರಿಂದ ನೀವೇ ಮನಸ್ಸಿನಲ್ಲಿ ಬಿಡಿಸಿಕೊಳ್ಳಬೇಕು. ಈ ಮರದ ಬೇರು ಮೇಲೆ, ಕೊಂಬೆಗಳು ಕೆಳಗೆ. ಮೊದಲು ಬಂದ ಪದ ‘ಗಾಳಿ’ ಎಂದಿಟ್ಟುಕೊಳ್ಳೋಣ. ಅದು ಬೇರಿನಲ್ಲಿ ನಿಲ್ಲುತ್ತದೆ. ಎರಡನೆಯದು ‘ಕಡಲು’. ಅಕಾರಾದಿಯಲ್ಲಿ ಅದು ಗಾಳಿಗಿಂತ ಮೊದಲು; ಆದುದರಿಂದ ಎಡಗೊಂಬೆಗೆ ಹೋಗುತ್ತದೆ. ಮೂರನೆಯದು ‘ಮಳೆ’. ಅದು ಗಾಳಿಯ ನಂತರದ್ದು, ಬಲಗೊಂಬೆಗೆ. ಆಮೇಲೆ ಬಂದ ‘ಕವಿ’ ಬೇರಿನಿಂದ ಎಡಕ್ಕೆ ಇಳಿದು, ಕಡಲನ್ನು ಕಂಡು, ತಾನು ಅದಕ್ಕಿಂತ ಮುಂದಿನದಾದುದರಿಂದ ಅದರ ಬಲಕ್ಕೆ ನಿಲ್ಲುತ್ತದೆ. ‘ತೆಂಗು’ ಬಂದರೆ ಬೇರಿನ ಬಲಕ್ಕೆ ಹೋಗಿ, ಮಳೆಯ ಎಡಕ್ಕೆ. ಈಗ ಎಡಗೊಂಬೆ, ಬುಡ, ಬಲಗೊಂಬೆ ಎಂಬ ಕ್ರಮದಲ್ಲಿ ಪ್ರತಿ ಹಂತದಲ್ಲಿಯೂ ಓದಿಕೊಂಡು ಬನ್ನಿ: ಕಡಲು, ಕವಿ, ಗಾಳಿ, ತೆಂಗು, ಮಳೆ. ಯಾವ ಪದವೂ ತನ್ನ ಸ್ಥಳದಿಂದ ಕದಲಲಿಲ್ಲ. ಆದರೂ ಅಕಾರಾದಿ ಸಿದ್ಧವಾಯಿತು.

ಸಿ ಭಾಷೆಯಲ್ಲಿ ಈ ಮರದ ಒಂದೊಂದು ಗೆಣ್ಣನ್ನೂ ಸ್ಟ್ರಕ್ಚರ್ ಎಂಬ ಚಿಕ್ಕ ಪೆಟ್ಟಿಗೆಯಾಗಿ ಮಾಡುತ್ತಾರೆ. ಪೆಟ್ಟಿಗೆಯಲ್ಲಿ ಪದ, ಎಡಗೊಂಬೆಯ ವಿಳಾಸ, ಬಲಗೊಂಬೆಯ ವಿಳಾಸ ಇರುತ್ತವೆ. ಸ್ಮೃತಿಯ ಯಾವುದೋ ಮೂಲೆಯಲ್ಲಿರುವ ವಸ್ತುವಿನ ವಿಳಾಸಕ್ಕೆ ಪಾಯಿಂಟರ್ ಎಂದು ಹೆಸರು. ಹೊಸ ಗೆಣ್ಣಿಗೆ ಬೇಕಾದ ಜಾಗವನ್ನು ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. ಸಿ ಭಾಷೆಯಲ್ಲಿ ಈ ಲೆಕ್ಕವನ್ನು ನಮ್ಮ ಪರವಾಗಿ ಬೇರೆ ಯಾರೂ ಇಡುವುದಿಲ್ಲ.

ಈ ಮರಕ್ಕೊಂದು ವಿಚಿತ್ರವಾದ ದೋಷವಿದೆ. ಪದಗಳು ಚೆಲ್ಲಾಪಿಲ್ಲಿಯಾಗಿ ಬಂದರೆ ಅದು ಚೆನ್ನಾಗಿ ಹರಡಿಕೊಳ್ಳುತ್ತದೆ. ಮೊದಲೇ ಅಕಾರಾದಿಯಾಗಿ ಬಂದರೆ ಕೆಡುತ್ತದೆ! ಕಡಲು, ಆಮೇಲೆ ಗಾಳಿ, ಆಮೇಲೆ ಮಳೆ ಎಂದು ಬಂದರೆ ಪ್ರತಿಯೊಂದೂ ಹಿಂದಿನದರ ಬಲಕ್ಕೇ ತೂಗುಬೀಳುತ್ತದೆ. ಎಡಗೊಂಬೆಯೇ ಇಲ್ಲ. ಮರವೆಂಬುದು ಹೆಸರಿಗೆ ಮಾತ್ರ, ನಿಜವಾಗಿ ಒಂದು ಹಗ್ಗ. ೭೦,೦೦೦ ಪದಗಳನ್ನು ಹೀಗೆ ಸೇರಿಸಿದರೆ ಕೊನೆಯ ಪದವನ್ನು ಮುಟ್ಟಲು ೭೦,೦೦೦ ಹೋಲಿಕೆಗಳಾಗಬೇಕು. ಹಳೆಯ ನಿಘಂಟೊಂದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಣಕಕ್ಕೆ ಏರಿಸುವವರಿಗೆ ನಿಶ್ಚಯವಾಗಿ ಎದುರಾಗುವ ಸ್ಥಿತಿ ಇದು.

ಪರಿಹಾರವನ್ನು ೧೯೬೨ರಲ್ಲಿ ಸೋವಿಯತ್ ಒಕ್ಕೂಟದ ಇಬ್ಬರು ಗಣಿತಜ್ಞರು ಪ್ರಕಟಿಸಿದರು. ಅವರು ಅಡೆಲ್ಸನ್ ವೆಲ್ಸ್ಕಿ ಮತ್ತು ಲಾಂಡಿಸ್. ಅವರ ಹೆಸರುಗಳ ಮೊದಲಕ್ಷರಗಳಿಂದಲೇ ಇಂದಿಗೂ ಅದನ್ನು ಎ ವಿ ಎಲ್ ಮರವೆಂದು ಕರೆಯುತ್ತಾರೆ. ಅವರು ಹಾಕಿದ ನಿಯಮ ಒಂದೇ: ಯಾವ ಗೆಣ್ಣಿನಲ್ಲಿ ನಿಂತು ನೋಡಿದರೂ ಎಡಗೊಂಬೆಯ ಎತ್ತರಕ್ಕೂ ಬಲಗೊಂಬೆಯ ಎತ್ತರಕ್ಕೂ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಿರಬಾರದು. ಅದಕ್ಕಾಗಿ ಪೆಟ್ಟಿಗೆಯಲ್ಲಿ ಎತ್ತರವೆಂಬ ಇನ್ನೊಂದು ಅಂಕಿಯನ್ನೂ ಬರೆದಿಡಬೇಕು. ನಿಯಮ ಮುರಿದ ಕಡೆ ಕೊಂಬೆಯನ್ನು ಹೊರಳಿಸಬೇಕು. ನಮ್ಮ ಹಗ್ಗದಲ್ಲಿ ಕಡಲು ಮೇಲೆ, ಅದರ ಕೆಳಗೆ ಗಾಳಿ, ಅದರ ಕೆಳಗೆ ಮಳೆ ಇದ್ದುವಷ್ಟೆ? ಗಾಳಿಯನ್ನು ಮೇಲಕ್ಕೆತ್ತಿ ಬುಡವಾಗಿಸಿದರೆ ಕಡಲು ಅದರ ಎಡಕ್ಕೆ ಇಳಿಯುತ್ತದೆ, ಮಳೆ ಬಲಕ್ಕೆ ಉಳಿಯುತ್ತದೆ. ಕಡಲಿಗೂ ಗಾಳಿಗೂ ನಡುವಣ ಪದಗಳೇನಾದರೂ ಗಾಳಿಯ ಎಡಗೊಂಬೆಯಲ್ಲಿ ಇದ್ದರೆ ಅವು ಕಡಲಿನ ಬಲಕ್ಕೆ ದಾಟಿಕೊಳ್ಳುತ್ತವೆ. ಬದಲಾದದ್ದು ಎರಡು ಮೂರು ವಿಳಾಸಗಳು. ಎಡ, ಬುಡ, ಬಲ ಎಂದು ಓದಿದರೆ ಬರುವ ಅಕಾರಾದಿ ಮೊದಲಿನದೇ.

ಈ ಚಿಕ್ಕ ಹೊರಳಾಟ ನನಗೆ ತುಂಬ ಹಿಡಿಸಿದ ಸಂಗತಿ. ಆಕಾರ ಬದಲಾಗಬಹುದು, ಕ್ರಮ ಬದಲಾಗಕೂಡದು. ಕ್ರಮ ಉಳಿಯಬೇಕೆಂದೇ ಆಕಾರ ಬಾಗುತ್ತದೆ. ಪ್ರತಿಯೊಂದು ಪದ ಬಂದಾಗಲೂ ಅಷ್ಟಷ್ಟು ದುರಸ್ತಿ ಮಾಡುತ್ತ ಹೋದರೆ ೭೦,೦೦೦ ಪದಗಳ ಮರದ ಎತ್ತರ ೨೩ ಮೆಟ್ಟಿಲುಗಳನ್ನು ಮೀರುವುದಿಲ್ಲ. ಪದಗಳು ಯಾವ ಅನುಕ್ರಮದಲ್ಲಿಯೇ ಬರಲಿ, ಈ ಭರವಸೆ ತಪ್ಪದು. ಮುಂದೆ ಇಂಥ ಮರಗಳ ಬೇರೆ ತಳಿಗಳೂ ಬಂದುವು. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ೧೯೭೨ರಲ್ಲಿ ಪ್ರಕಟಿಸಿದ ಬಿ ಮರದಲ್ಲಿ ಒಂದೊಂದು ಗೆಣ್ಣಿನಲ್ಲಿಯೂ ಅನೇಕ ಪದಗಳು ಗುಂಪಾಗಿ ಕೂರುತ್ತವೆ. ಡಿಸ್ಕಿನ ಮೇಲಿಡುವ ದೊಡ್ಡ ಸಂಗ್ರಹಗಳಿಗೆ ಅದು ಅನುಕೂಲ. ಕೆಂಪು ಕಪ್ಪು ಮರವೆಂಬ ಹೆಸರು ೧೯೭೮ರಲ್ಲಿ ಗಿಬಾಸ್ ಮತ್ತು ಸೆಜ್‌ವಿಕ್ ಎಂಬವರ ಬರಹದಿಂದ ಬಳಕೆಗೆ ಬಂತು. ತಳಿ ಯಾವುದಾದರೂ ಉದ್ದೇಶ ಒಂದೇ.

ಇಷ್ಟು ದೂರ ಬಂದ ಮೇಲೆ, ನಾವು ಕೇಳದೆಯೇ ಬಿಟ್ಟಿರುವ ಒಂದು ಪ್ರಶ್ನೆಯನ್ನು ಕೇಳಬಹುದು. ಕಡಲು ಗಾಳಿಗಿಂತ ಮೊದಲು ಎಂದು ಮರಕ್ಕೆ ಹೇಳಿದವರು ಯಾರು? ಮರಕ್ಕೆ ಕನ್ನಡ ಬಾರದು. ಅದಕ್ಕೆ ಯಾವ ಭಾಷೆಯೂ ಬಾರದು. ಪ್ರತಿ ಗೆಣ್ಣಿನಲ್ಲಿಯೂ ಅದು ಹೊರಗಿನ ಒಬ್ಬ ತೀರ್ಪುಗಾರನನ್ನು ಕೇಳುತ್ತದೆ: ‘ಈ ಎರಡರಲ್ಲಿ ಯಾವುದು ಮೊದಲು?’ ಸಿ ಭಾಷೆಯಲ್ಲಿ ಈ ತೀರ್ಪುಗಾರ ಒಂದು ಹೋಲಿಕೆಯ ವಿಧಿ. ಎರಡು ಪದಗಳನ್ನು ಅದರ ಕೈಗೆ ಕೊಟ್ಟರೆ ಮೊದಲನೆಯದು ಮುಂಚಿನದಾದಲ್ಲಿ ಸೊನ್ನೆಗಿಂತ ಕಡಿಮೆಯ ಸಂಖ್ಯೆಯನ್ನೂ, ನಂತರದ್ದಾದಲ್ಲಿ ಹೆಚ್ಚಿನ ಸಂಖ್ಯೆಯನ್ನೂ, ಎರಡೂ ಒಂದೇ ಆದಲ್ಲಿ ಸೊನ್ನೆಯನ್ನೂ ಹಿಂದಿರುಗಿಸಬೇಕು. ಗಣವನ್ನು ಕಟ್ಟುವವನು ಈ ವಿಧಿಯ ವಿಳಾಸವನ್ನು ಮರಕ್ಕೆ ಒಪ್ಪಿಸುತ್ತಾನೆ. ಮರದ ಅಕಾರಾದಿಯೆಲ್ಲ ಈ ತೀರ್ಪುಗಾರನ ನಾಲಗೆಯ ಮೇಲೆ ನಿಂತಿದೆ.

ಸಿ ಭಾಷೆಯ ಭಂಡಾರದಲ್ಲಿ ಸಿದ್ಧ ತೀರ್ಪುಗಾರನೊಬ್ಬನಿದ್ದಾನೆ. ಸ್ಟ್ರ್‌ಕಂಪ್ ಎಂದು ಅವನ ಹೆಸರು. ಅವನು ನೋಡುವುದು ಅಕ್ಷರಗಳನ್ನಲ್ಲ, ಅಕ್ಷರಗಳಿಗೆ ಕೊಟ್ಟಿರುವ ಸಂಖ್ಯೆಗಳನ್ನು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚುವ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿ ೧೯೯೧ರಲ್ಲಿ ಬಂತು. ಅದರಲ್ಲಿ ಕನ್ನಡಕ್ಕೆ ೧೨೮ ಮನೆಗಳ ಒಂದು ಓಣಿಯಿದೆ. ಭಾರತದ ಲಿಪಿಗಳಿಗಾಗಿ ನಮ್ಮ ದೇಶದಲ್ಲಿ ರೂಪಿಸಿದ್ದ ಇಸ್ಕಿ ಎಂಬ ಸಂಕೇತಕ್ರಮವನ್ನು ಅನುಸರಿಸಿ ಈ ಓಣಿಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಹಾಕಿದರು. ದೇವನಾಗರಿಯಲ್ಲಿ ‘ಕ’ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದಲ್ಲಿಯೂ ಅಷ್ಟನೆಯದರಲ್ಲಿಯೇ ಇದೆ. ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಿಸಲು ಇದು ಅನುಕೂಲ. ಆದರೆ ಆ ಓಣಿಯಲ್ಲಿ ‘ಳ’ಕಾರದ ಮನೆ ‘ಲ’ಕಾರದ ಪಕ್ಕದಲ್ಲಿ, ‘ವ’ಕಾರಕ್ಕಿಂತ ಮುಂಚೆ ಇದೆ. ನಮ್ಮ ವರ್ಣಮಾಲೆಯಲ್ಲಿಯಾದರೋ ಯ, ರ, ಲ, ವ, ಶ, ಷ, ಸ, ಹ ಎಲ್ಲ ಮುಗಿದ ಮೇಲೆ ‘ಳ’.

ಇದರ ಪರಿಣಾಮವನ್ನು ನೋಡಿ. ಅಕಾರಾದಿಯಲ್ಲಿ ಕವಿ, ಕಹಿ, ಕಳಸ ಎಂದು ಬರಬೇಕು. ಸ್ಟ್ರ್‌ಕಂಪ್ ತೀರ್ಪಿನಂತೆ ಕಳಸ, ಕವಿ, ಕಹಿ ಎಂದಾಗುತ್ತದೆ. ಹಳಗನ್ನಡದ ‘ೞ’ಕಾರದ ಗತಿ ಇನ್ನೂ ಶೋಚನೀಯ. ಅದಕ್ಕೆ ಮನೆ ಸಿಕ್ಕಿದ್ದು ಓಣಿಯ ಹಿಂದುಗಡೆ, ಕಾಗುಣಿತದ ಚಿಹ್ನೆಗಳೆಲ್ಲ ಮುಗಿದ ಮೇಲೆ. ಅದಕ್ಕಿಟ್ಟ ಇಂಗ್ಲಿಷ್ ಹೆಸರಂತೂ ‘ಫ’ಕಾರದ್ದು! ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಯೂನಿಕೋಡಿನ ನಿಯಮವಾದುದರಿಂದ ಆ ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಸೇರಿದೆ. ಈ ವಿಚಿತ್ರ ಸ್ಥಾನದಿಂದಾಗಿ ಹಳೆಯ ಕಾಗುಣಿತದ ‘ಮೞೆ’ ಎಂಬ ಪದ ಮಾತು, ಮೀನು, ಮೌನ ಎಲ್ಲವನ್ನೂ ದಾಟಿ ‘ಮ್ಲಾನ’ದ ಆಚೆ ಹೋಗಿ ಬೀಳುತ್ತದೆ. ಹಳಗನ್ನಡ ಕಾವ್ಯಗಳಿಗೆ ಪದಸೂಚಿ ತಯಾರಿಸುವವರಿಗೆ ಇದು ವಿನೋದದ ವಿಷಯವಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಸಮಾನತೆಯದು. ‘ಕೊಡೆ’ ಎಂದು ಬರೆಯುವಾಗ ‘ಕೊ’ ಎಂಬಲ್ಲಿಯ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಕೊಡಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಎರಡಾಗಿಯೂ ಕೊಡಬಹುದು. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡ್ ಕೂಡ ಎರಡನ್ನೂ ಸಮಾನವೆಂದೇ ಸಾರಿದೆ. ಆದರೆ ಸಂಖ್ಯೆಗಳನ್ನಷ್ಟೇ ನೋಡುವ ತೀರ್ಪುಗಾರನಿಗೆ ಅವು ಎರಡು ಬೇರೆ ಪದಗಳು. ಗಣದಲ್ಲಿ ಒಂದು ಕೊಡೆಯ ಬದಲು ಎರಡು ಕೊಡೆಗಳಾದುವು. ಕಣ್ಣಿಗೆ ಭೇದವಿಲ್ಲದ್ದರಿಂದ ತಪ್ಪು ಎಲ್ಲಿದೆಯೆಂದು ಓದುಗನಿಗೆ ತಿಳಿಯುವುದೂ ಇಲ್ಲ.

ಹಾಗಾದರೆ ತೀರ್ಪುಗಾರನನ್ನು ಬದಲಾಯಿಸಿದರಾಯಿತು ಎನ್ನಬಹುದು. ಬದಲಾಯಿಸಬೇಕು ನಿಜ, ಆದರೆ ಮರ ಬೆಳೆಯತೊಡಗಿದ ಮೇಲೆ ಅಲ್ಲ. ಬುಡದಲ್ಲಿ ‘ಕವಿ’ ಇದೆಯೆನ್ನಿ. ಹಳೆಯ ತೀರ್ಪಿನಂತೆ ‘ಕಳಸ’ ಅದರ ಎಡಕ್ಕೆ ಹೋಗಿ ನಿಂತಿದೆ. ಈಗ ನಮ್ಮ ಅಕಾರಾದಿಯನ್ನು ಬಲ್ಲ ಹೊಸ ತೀರ್ಪುಗಾರ ಬಂದ. ‘ಕಳಸವಿದೆಯೆ?’ ಎಂದು ಕೇಳಿದರೆ ಅದು ಕವಿಯ ನಂತರದ್ದು ಎಂದು ಅವನು ಬಲಕ್ಕೆ ಕಳಿಸುತ್ತಾನೆ. ಬಲದಲ್ಲಿ ಅದಿಲ್ಲ. ‘ಇಲ್ಲ’ ಎಂದು ಗಣಕ ಉತ್ತರ ಕೊಡುತ್ತದೆ. ಇಲ್ಲವೆಂದ ಮೇಲೆ ನಾವು ಮತ್ತೆ ಸೇರಿಸುತ್ತೇವೆ. ಆಗ ಎಡದಲ್ಲೊಂದು ಕಳಸ, ಬಲದಲ್ಲೊಂದು ಕಳಸ. ಆರಂಭದಲ್ಲಿ ಹೇಳಿದ ಎರಡು ನಂಬಿಕೆಗಳೂ ಒಂದೇ ಏಟಿಗೆ ಮುರಿದುವು. ಗಣಕ ತಪ್ಪು ಎಂದು ಕೂಗುವುದಿಲ್ಲ, ನಿಲ್ಲುವುದೂ ಇಲ್ಲ. ಎಂದಿನ ನೆಮ್ಮದಿಯಿಂದ ಉತ್ತರ ಕೊಡುತ್ತಲೇ ಇರುತ್ತದೆ. ಪದದ ಬದಲು ಒಬ್ಬ ಮನುಷ್ಯನ ಹೆಸರು ಇದ್ದರೆ ಏನಾಗುತ್ತದೆಂದು ಯೋಚಿಸಿ. ಕಾಳಪ್ಪನೋ ಬೆಳ್ಳಿಯಪ್ಪನೋ ಪಟ್ಟಿಯಲ್ಲಿ ಇದ್ದಾನೆ, ಆದರೆ ಹುಡುಕಿದಾಗ ಸಿಗುವುದಿಲ್ಲ. ಕಿಟಕಿಯ ಈಚೆ ನಿಂತವನಿಗೆ ‘ನಿಮ್ಮ ಹೆಸರು ಇಲ್ಲ’ ಎಂಬ ಮಾತಷ್ಟೇ ಕೇಳಿಸುತ್ತದೆ.

ಆದುದರಿಂದ ತೀರ್ಪುಗಾರನಿಗೆ ಕೆಲವು ಧರ್ಮಗಳನ್ನು ವಿಧಿಸಬೇಕಾಗುತ್ತದೆ. ಯಾವ ಪದವನ್ನು ಅದರೊಡನೆಯೇ ಹೋಲಿಸಿದರೂ ಸೊನ್ನೆ ಬರಬೇಕು. ಕವಿ ಕಳಸಕ್ಕಿಂತ ಮೊದಲು ಎಂದವನು, ಕಳಸ ಕವಿಗಿಂತ ನಂತರ ಎಂದೂ ಹೇಳಬೇಕು. ಕವಿಯ ನಂತರ ಕಹಿ, ಕಹಿಯ ನಂತರ ಕಳಸ ಎಂದಾದರೆ, ಕವಿಯ ನಂತರವೇ ಕಳಸ ಎಂದು ಒಪ್ಪಬೇಕು. ಬೆಳಿಗ್ಗೆ ಹೇಳಿದ್ದನ್ನೇ ಸಂಜೆಯೂ ಹೇಳಬೇಕು. ಆಯಾ ದೇಶಭಾಷೆಯ ಕ್ರಮದಲ್ಲಿ ಹೋಲಿಸುವ ಇನ್ನೊಂದು ಸಾಧನ ಸಿ ಭಂಡಾರದಲ್ಲಿಯೇ ಇದೆ. ಆದರೆ ಅದು ಗಣಕದ ಅಂದಂದಿನ ಭಾಷಾವ್ಯವಸ್ಥೆಯನ್ನು ನೋಡಿ ನಡೆಯುವಂಥದು. ಒಂದು ಯಂತ್ರದಲ್ಲಿ ಕಟ್ಟಿದ ಸಂಗ್ರಹವನ್ನು ಇನ್ನೊಂದರಲ್ಲಿ ತೆರೆದಾಗ ವ್ಯವಸ್ಥೆ ಬೇರೆಯಾಗಿದ್ದರೆ ಕಳಸದ ಕಥೆಯೇ ಮರುಕಳಿಸುತ್ತದೆ.

ಇನ್ನೊಂದು ಎಚ್ಚರಿಕೆ ಪದದ ಒಡೆತನಕ್ಕೆ ಸಂಬಂಧಿಸಿದ್ದು. ಗೆಣ್ಣಿನಲ್ಲಿ ಪದವನ್ನೇ ಇಡದೆ, ಹೊರಗೆಲ್ಲೋ ಇರುವ ಪದದ ವಿಳಾಸವನ್ನು ಮಾತ್ರ ಇಟ್ಟರೆ, ಆ ಹೊರಗಿನವನು ಅಲ್ಲಿ ಬೇರೆ ಪದವನ್ನು ಬರೆದುಬಿಡಬಹುದು. ಮರದ ಎಡಗಡೆ ನಿಂತಿದ್ದ ‘ಕಡಲು’ ನಮಗೆ ತಿಳಿಯದೆ ‘ಹೊಳೆ’ಯಾಗಿಬಿಡುತ್ತದೆ. ಆದುದರಿಂದ ಸೇರಿಸುವಾಗಲೇ ಪದದ ಪ್ರತಿಯೊಂದನ್ನು ಮಾಡಿ ಗಣ ತನ್ನ ವಶದಲ್ಲಿಟ್ಟುಕೊಳ್ಳಬೇಕು. ಹೊರಗಿನವರಿಗೆ ಸೇರಿಸು, ಹುಡುಕು, ತೆಗೆ, ಮುಂದಿನದನ್ನು ಕೊಡು ಎಂಬ ಬಾಗಿಲುಗಳು ಮಾತ್ರ ಕಾಣಬೇಕು. ಒಳಗಿನ ಗೆಣ್ಣುಗಳು ಕೈಗೆ ನಿಲುಕಬಾರದು. ಪದವನ್ನು ತಿದ್ದಬೇಕೆನಿಸಿದರೆ ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವುದೊಂದೇ ದಾರಿ.

ಕನ್ನಡ ಪದಗಳ ಗಣಕ್ಕೆ ನಾನು ಒಪ್ಪುವ ವಿನ್ಯಾಸ ಹೀಗಿದೆ. ಪದ ಬಂದೊಡನೆ ಅದರ ಸಂಕೇತಗಳನ್ನು ಒಂದೇ ರೂಪಕ್ಕೆ ತರಬೇಕು. ಆಗ ಎರಡು ಕೊಡೆಗಳು ಒಂದಾಗುತ್ತವೆ. ಬಳಿಕ ಪ್ರತಿಯೊಂದು ಅಕ್ಷರಕ್ಕೂ ವರ್ಣಮಾಲೆಯಲ್ಲಿ ಅದರ ಸ್ಥಾನವೇನೋ ಆ ಕ್ರಮಾಂಕವನ್ನು ಕೊಡಬೇಕು. ಹೀಗೆ ದೊರೆತ ಕ್ರಮಾಂಕಗಳ ಸರಣಿಯನ್ನು ಪದದ ಜೊತೆಗೇ ಗೆಣ್ಣಿನಲ್ಲಿಡಬೇಕು. ತೀರ್ಪುಗಾರ ಆ ಕ್ರಮಾಂಕಗಳನ್ನು ಹೋಲಿಸಿದರೆ ಸಾಕು. ಈ ಲೆಕ್ಕವನ್ನು ಪದ ಸೇರುವಾಗ ಒಮ್ಮೆ ಮಾಡಿಟ್ಟರೆ ಮುಂದಿನ ಹೋಲಿಕೆಗಳೆಲ್ಲ ಹಗುರ.

ಆ ಕ್ರಮಾಂಕಗಳ ಪಟ್ಟಿ ಒಂದು ಪುಟವನ್ನು ಮೀರದು. ಆದರೆ ಅದನ್ನು ಬರೆಯಬೇಕಾದವರು ಯಾರು? ಅನುಸ್ವಾರ ಬಿಡಿ ವ್ಯಂಜನಗಳಿಗಿಂತ ಮುಂಚೆ ಬರಬೇಕೆ, ನಂತರವೆ? ‘ೞ’ಕಾರವನ್ನು ‘ಳ’ಕಾರದ ಜೊತೆಗೆ ಇರಿಸಬೇಕೆ, ಬೇರೆಯಾಗಿಯೆ? ‘ಱ’ಕಾರದ ನೆಲೆ ಯಾವುದು? ‘ಕ್ಷ’ವನ್ನು ಕಕಾರದ ಒತ್ತಕ್ಷರವೆಂದೇ ಎಣಿಸುವುದೆ? ಇವು ಯಂತ್ರದ ಪ್ರಶ್ನೆಗಳಲ್ಲ. ವ್ಯಾಕರಣವನ್ನೂ ನಿಘಂಟನ್ನೂ ಓದಿದವರು ಕೂತು ತೀರ್ಮಾನಿಸಿ, ಕಾರಣ ಸಹಿತ ಬರೆದುಕೊಡಬೇಕಾದವು. ಅವರು ಸುಮ್ಮನಿದ್ದರೆ ಸ್ಟ್ರ್‌ಕಂಪ್ ಸುಮ್ಮನಿರುವುದಿಲ್ಲ. ತನಗೆ ತಿಳಿದ ಸಂಖ್ಯೆಗಳ ಕ್ರಮವನ್ನೇ ಕನ್ನಡದ ಅಕಾರಾದಿಯೆಂದು ಸ್ಥಾಪಿಸಿಬಿಡುತ್ತಾನೆ. ಮರವನ್ನು ಕಟ್ಟುವ ಉಪಾಯಗಳು ೧೯೬೨ರಿಂದಲೂ ಪುಸ್ತಕಗಳಲ್ಲಿ ಸಿದ್ಧವಾಗಿವೆ, ಯಾವ ಜಾಣ ವಿದ್ಯಾರ್ಥಿಯಾದರೂ ಕಲಿಯಬಲ್ಲ. ಆ ವಿದ್ಯಾರ್ಥಿ ಮೊದಲ ಗೆಣ್ಣನ್ನು ನೆಡುವುದಕ್ಕೆ ಮುಂಚೆಯೇ ಆ ಒಂದು ಪುಟ ಅವನ ಮೇಜಿನ ಮೇಲೆ ಇರಬೇಕು. ಅದನ್ನು ಬರೆದುಕೊಡುವುದು ಕನ್ನಡ ಓದಿದ ನಮ್ಮ ಕೆಲಸ.